ಓಡಿ ಬಂದವನ ಹೊಟ್ಟೆನೋವು

ಅವನು ಮೊದಲ ಸಲ ಹೊಟ್ಟೆ ಹಿಡಿದುಕೊಂಡು ಕೂತದ್ದು ಮಾಗಡಿ ರಸ್ತೆಯ ಟೋಲ್ ಗೇಟಿನ ಹತ್ತಿರ, ಒಂದು ಮೈಲಿಗಲ್ಲಿನ ಪಕ್ಕದಲ್ಲಿ. ಬೆಳಗಿನ ಏಳು ಗಂಟೆ ದಾಟಿತ್ತು. ಹದಿನಾರು ಕಿಲೋಮೀಟರ್ ಓಡಿ ಬಂದಿದ್ದ. ಉಳಿದ ಐದು ಜನ ಇನ್ನೂ ಕಾಮಾಕ್ಷಿಪಾಳ್ಯದ ಹತ್ತಿರ ಎಲ್ಲೋ ಏದುಸಿರು ಬಿಡುತ್ತ ಬರುತ್ತಿದ್ದರು. ನಾನು ಸೈಕಲ್ಲಿನಿಂದ ಇಳಿದು ಮೊದಲು ಸ್ಟಾಪ್‌ವಾಚ್ ನೋಡಿದೆ, ಆಮೇಲೆ ಅವನ ಮುಖ ನೋಡಿದೆ. ಮುಂದಿನ ಎರಡು ತಿಂಗಳೂ ನಾನು ಇದೇ ಕ್ರಮದಲ್ಲಿ ನೋಡಿದೆ. ಅದಕ್ಕೇ ಅಲ್ಲಿಂದ ಶುರುಮಾಡುತ್ತಿದ್ದೇನೆ.

"ಯಾಕೋ, ಏನಾಯ್ತು?"

"ಏನಿಲ್ಲ ಸಾರ್. ಹೊಟ್ಟೆ ಒಳ್ಗೆ ಬಟ್ಟೆ ಹಿಂಡ್ದಂಗೆ ಆಯ್ತಾ ಐತೆ. ಒಸಿ ಹೊತ್ತಿಗೆ ಸರಿಯೋಯ್ತದೆ."

"ಕೂತ್ಕೋಬೇಡ. ಎದ್ದು ನಡಿ. ಓಡಿ ಬಂದೋನು ಕೂತ್ರೆ ಹೊಟ್ಟೆ ಹಿಡ್ಕೊಳ್ದೆ ಇನ್ನೇನಾಗುತ್ತೆ?"

ಅವನು ಎದ್ದು ನಡೆದ. ಹೇಳಿದ್ದನ್ನು ಮಾಡುವ ಸ್ವಭಾವ ಅವನದು. ಹತ್ತು ನಿಮಿಷ ಬಗ್ಗಿ ಬಗ್ಗಿ ನಡೆದು, ಬೇಲಿಯ ಹಿಂದೆ ಹೋಗಿ ಬಂದು, ಸರಿಯಾಯಿತು ಎಂದ. ನಾನು ಪುಸ್ತಕದಲ್ಲಿ ಓಟದ ಸಮಯ ಬರೆದುಕೊಂಡೆ. ಹೊಟ್ಟೆಯ ವಿಷಯ ಬರೆಯಲಿಲ್ಲ.

ಎಪ್ಪತ್ತರ ದಶಕದ ಮಧ್ಯದ ಮಾತು. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಕಾಂಪೌಂಡರ್. ಡಿಸ್ಪೆನ್ಸರಿ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಮೇಜು, ಕುರ್ಚಿ, ಮತ್ತು ಮಂಗಳವಾರ, ಶುಕ್ರವಾರ ಒಂದೊಂದು ಗಂಟೆ ಬಂದು ಹೋಗುವ ಡಾಕ್ಟರು. ಹಿಂದಿನದರಲ್ಲಿ ಮಿಕ್ಸ್‌ಚರ್ ಜಾಡಿಗಳು, ಮಾತ್ರೆ ಡಬ್ಬಗಳು, ನಾನು. ಉಳಿದ ದಿನ ಡಾಕ್ಟರೂ ನಾನೇ. ಹೀಗೆ ಬರೆಯಲು ಈಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ. ಕೈ ಕುಯ್ದುಕೊಂಡವರು, ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದವರು, ಜ್ವರದವರು, ಎಲ್ಲರೂ ಸೀದಾ ನನ್ನ ಹತ್ತಿರ ಬರುತ್ತಿದ್ದರು. ನನ್ನ ಕೈಗುಣ ಚೆನ್ನಾಗಿದೆ ಎಂಬ ಮಾತು ಫೌಂಡ್ರಿಯಿಂದ ಗೇಟಿನವರೆಗೂ ಹಬ್ಬಿತ್ತು. ದಾವಣಗೆರೆಯಿಂದ ಬಂದು ಗೋವಿಂದರಾಜನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದ ನನಗೆ ಈ ಊರಲ್ಲಿ ಸಂಪಾದಿಸಿದ ಆಸ್ತಿ ಅದೊಂದೇ. ಅಲ್ಪವಿದ್ಯಾ ಮಹಾಗರ್ವಿ ಎಂಬ ಗಾದೆಯನ್ನು ಯಾರೂ ನನ್ನ ಮುಖಕ್ಕೆ ಹೇಳಲಿಲ್ಲ.

ಆ ವರ್ಷ ನಮ್ಮ ಪರ್ಸನಲ್ ಆಫೀಸರಿಗೆ ಓಟದ ಹುಚ್ಚು ಹಿಡಿಯಿತು. ಸುತ್ತಲಿನ ಕಾರ್ಖಾನೆಗಳೆಲ್ಲ ಸೇರಿ ಇಪ್ಪತ್ತು ಕಿಲೋಮೀಟರ್ ರಸ್ತೆ ಓಟ ಇಟ್ಟುಕೊಂಡಿದ್ದವು. ಅವರು ನನ್ನನ್ನು ಕರೆಸಿ, "ಏನ್ರೀ, ಕಾಲೇಜಲ್ಲಿ ಓಡ್ತಿದ್ರಂತೆ? ಟೀಮ್ ನೀವೇ ನೋಡ್ಕೊಳಿ. ಔಷಧಿ ಡಬ್ಬಾನೂ ಜೊತೆಗಿರುತ್ತೆ, ಒಂದೇ ಕಲ್ಲಲ್ಲಿ ಎರಡು ಹಕ್ಕಿ" ಎಂದರು. ಆರು ಜನರನ್ನು ಆರಿಸಿಕೊಂಡೆ. ಅವರಲ್ಲಿ ಐವರು ಖಾಯಂ ನೌಕರರು. ಆರನೆಯವನು ಪ್ಯಾಕಿಂಗ್ ವಿಭಾಗದ ಟೆಂಪರರಿ, ಹೇರೋಹಳ್ಳಿಯವನು. ಇಪ್ಪತ್ಮೂರು ವರ್ಷ. ದಿನಾ ಹೇರೋಹಳ್ಳಿಯಿಂದ ಕಾರ್ಖಾನೆಗೆ ಓಡಿಕೊಂಡೇ ಬರುತ್ತಿದ್ದವನಿಗೆ ಓಟ ಕಲಿಸುವುದು ಮೀನಿಗೆ ಈಜು ಕಲಿಸಿದ ಹಾಗೆ. ಮೊದಲ ಮೂವರಲ್ಲಿ ಬಂದರೆ ಅವನನ್ನು ಪರ್ಮನೆಂಟ್ ಮಾಡುವುದಾಗಿ ಆಫೀಸರು ಬಾಯಿಮಾತಿನಲ್ಲಿ ಹೇಳಿದ್ದರು. ಬಾರದಿದ್ದರೆ ಏನೆಂದು ಹೇಳಿರಲಿಲ್ಲ. ಆದರೆ ಮೂರು ವರ್ಷ ಮುಗಿಸಿದ ಟೆಂಪರರಿಗಳಿಗೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಅವನದು ಓಟ ನಡೆಯುವ ತಿಂಗಳ ಕೊನೆಗೆ ಮೂರು ವರ್ಷ ಮುಗಿಯುವುದರಲ್ಲಿತ್ತು.

ಬೆಳಿಗ್ಗೆ ಐದೂವರೆಗೆ ಟೋಲ್ ಗೇಟಿನಿಂದ ಹೊರಡುತ್ತಿದ್ದೆವು. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ದಾಟಿ ಹೇರೋಹಳ್ಳಿ, ಅಲ್ಲಿಂದ ಇನ್ನಷ್ಟು ಮುಂದೆ ಹೋಗಿ ಒಂದು ಹುಣಿಸೆಮರ ಮುಟ್ಟಿ ವಾಪಸ್. ಆಗ ಸುಂಕದಕಟ್ಟೆ ದಾಟಿದರೆ ಎರಡೂ ಕಡೆ ರಾಗಿ ಹೊಲ. ಅವರು ಓಡುವರು, ನಾನು ಸೈಕಲ್ಲಿನಲ್ಲಿ, ಕ್ಯಾರಿಯರ್ ಮೇಲೆ ಔಷಧಿಯ ತಗಡಿನ ಡಬ್ಬ. ಓಟಕ್ಕೆ ಮುಂಚೆ ಒಬ್ಬೊಬ್ಬರ ನಾಡಿ ಎಣಿಸಿ ಬರೆಯುತ್ತಿದ್ದೆ. ಅವನದು ಮೊದಲ ದಿನ ಐವತ್ನಾಲ್ಕು. ಅಷ್ಟು ನಿಧಾನವಾದ, ಗಟ್ಟಿಯಾದ ನಾಡಿಯನ್ನು ನಾನು ಅದಕ್ಕೆ ಮೊದಲು ಹಿಡಿದಿರಲಿಲ್ಲ. ಎರಡು ಸಲ ಎಣಿಸಿದೆ.

ದೂರ ಹೆಚ್ಚಿದಂತೆ ಎಲ್ಲರಿಗೂ ಹೊಟ್ಟೆ ನುಲಿತ ಶುರುವಾಯಿತು. ಓಟ ಮುಗಿದು ಕಾಲು ಗಂಟೆಯೊಳಗೆ ಒಬ್ಬರಾದ ಮೇಲೊಬ್ಬರು ಸೊಂಟ ಬಗ್ಗಿಸಿ ನಿಲ್ಲುತ್ತಿದ್ದರು. ಇದು ದೊಡ್ಡ ಕಾಯಿಲೆಯಲ್ಲ. ಓಡುವಾಗ ರಕ್ತವೆಲ್ಲ ಕಾಲಿಗೆ ಹರಿಯುತ್ತದೆ, ಹೊಟ್ಟೆಗೆ ಸಾಲದೆ ಬರುತ್ತದೆ, ಓಟ ನಿಂತ ಮೇಲೆ ಕರುಳು ಮುನಿಸಿಕೊಳ್ಳುತ್ತದೆ. ನಾನು ಒಂದೊಂದನ್ನೇ ಬದಲಿಸಿ ನೋಡಿದೆ. ಹಿಂದಿನ ರಾತ್ರಿಯ ಮುದ್ದೆ, ಬಸ್ಸಾರು ಕಡಿಮೆ ಮಾಡಿಸಿದೆ. ಬೆಳಿಗ್ಗೆಯ ಹಾಲು ಹಾಕಿದ ಕಾಫಿ ಬಿಡಿಸಿದೆ. ಓಟ ಮುಗಿದ ತಕ್ಷಣ ನಿಲ್ಲದೆ ಅರ್ಧ ಫರ್ಲಾಂಗ್ ನಡೆಸಿದೆ. ಗಟಗಟ ನೀರು ಕುಡಿಯದೆ, ಓಂಕಾಳು ಕುದಿಸಿದ ಬೆಚ್ಚನೆ ನೀರನ್ನು ಚಿಟಿಕೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿದೆ. ಕೊನೆಗೆ, ಓಟಕ್ಕೆ ಮುಂಚೆ ಹೊಟ್ಟೆ ಪೂರ್ತಿ ಖಾಲಿ ಇರಬೇಕು, ಒಂದು ತುತ್ತೂ ಕೂಡದು ಎಂದು ನಿಯಮ ಮಾಡಿದೆ. ಮೂರು ವಾರದಲ್ಲಿ ಐವರಿಗೂ ನುಲಿತ ನಿಂತಿತು. ಕೈಗುಣ, ಕೈಗುಣ ಎಂದು ಹಾಡಿ ಹೊಗಳಿದರು. ನಾನು ಉಬ್ಬಿ ಹೋದೆ.

ಹೇರೋಹಳ್ಳಿಯವನಿಗೆ ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಅವನ ಮೊಣಕಾಲ ಕೆಳಗಿನ ಎಲುಬಿನಲ್ಲಿ ನೋವು ಕಾಣಿಸಿಕೊಂಡಿತ್ತು. ಕ್ಯಾನ್ವಾಸ್ ಶೂ, ಡಾಂಬರು ರಸ್ತೆ, ಬಾರದೆ ಇರುತ್ತದೆಯೇ? ಓಟಕ್ಕೆ ಮುಂಚೆ ಎರಡು ಎ.ಪಿ.ಸಿ. ಮಾತ್ರೆ ಕೊಟ್ಟೆ. ಎ.ಪಿ.ಸಿ. ಆ ಕಾಲದ ಸರ್ವರೋಗ ನಿವಾರಿಣಿ, ತಲೆನೋವಿಗೂ ಅದೇ, ಮೈಕೈ ನೋವಿಗೂ ಅದೇ. ಅದರಲ್ಲಿ ಆಸ್ಪಿರಿನ್ ಇರುತ್ತದೆ. ಆಸ್ಪಿರಿನ್ನನ್ನು ಖಾಲಿ ಹೊಟ್ಟೆಗೆ ಕೊಡಬಾರದು ಎಂದು ನನಗೆ ಟ್ರೈನಿಂಗಿನಲ್ಲಿ ಮೊದಲ ತಿಂಗಳೇ ಹೇಳಿಕೊಟ್ಟಿದ್ದರು. ಓಡುವವನ ಹೊಟ್ಟೆ ಖಾಲಿ ಇರಬೇಕು ಎಂದು ನಾನೇ ನಿಯಮ ಮಾಡಿದ್ದೆ. ಈ ಎರಡೂ ಮಾತು ಒಂದೇ ತಲೆಯೊಳಗೆ ಅಕ್ಕಪಕ್ಕದಲ್ಲಿದ್ದವು, ಒಂದನ್ನೊಂದು ಮಾತಾಡಿಸಲಿಲ್ಲ. ಎರಡು ಮಾತ್ರೆ ನಾಲ್ಕಾಯಿತು. ಓಟಕ್ಕೆ ಮುಂಚೆ ಎರಡು, ಸಂಜೆ ಎರಡು. ಕಾಲುನೋವು ಹೋಯಿತು, ಅವನು ಇನ್ನೂ ಜೋರಾಗಿ ಓಡಿದ, ನುಲಿತ ಇನ್ನೂ ಹೆಚ್ಚಾಯಿತು.

ಹೊಟ್ಟೆಗೆ ಗುಲಾಬಿ ಬಣ್ಣದ ಮಿಕ್ಸ್‌ಚರ್ ಕಲಸಿ ಕೊಟ್ಟೆ. ಸೀಸೆಯ ಬದಿಗೆ ಕಾಗದದ ಪಟ್ಟಿಯನ್ನು ಗರಗಸದ ಹಾಗೆ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿ, ಒಂದೊಂದು ಹಲ್ಲಿಗೆ ಒಂದೊಂದು ಡೋಸ್ ಎಂದು ತೋರಿಸಿದೆ. ಅದರಿಂದ ಹೊಟ್ಟೆ ತಣ್ಣಗಾಗುತ್ತಿತ್ತು, ಅವನು ಮತ್ತೆ ಓಡುತ್ತಿದ್ದ. ಅವನ ಅಜ್ಜಿ ಬಟ್ಟಿ ಜಾರಿದೆ ಎಂದು ಹೊಕ್ಕುಳ ಸುತ್ತ ಎಣ್ಣೆ ಹಚ್ಚಿ ತಿಕ್ಕಿದಳಂತೆ, ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳಂತೆ. ಅವನು ಇದನ್ನು ಹೇಳಿದಾಗ ನಾನು ನಕ್ಕೆ. ಅಜ್ಜಿಯ ಔಷಧಿಯಿಂದ ಏನೂ ಕೆಡಲಿಲ್ಲ ಎಂಬುದನ್ನು ಇಲ್ಲಿ ನ್ಯಾಯಕ್ಕೆ ಬರೆದುಬಿಡುತ್ತೇನೆ.

ಏಳನೆಯ ವಾರ ಅವನ ನಾಡಿ ಅರವತ್ತೆಂಟು. ಎಂಟನೆಯ ವಾರ ಎಪ್ಪತ್ತಾರು. ಓಟ ಹತ್ತಿರ ಬಂತಲ್ಲ, ಹೆದರಿಕೆಗೆ ಹಾಗಾಗುತ್ತದೆ ಎಂದುಕೊಂಡೆ. ಓಟದ ಸಮಯವೂ ಜಾರತೊಡಗಿತ್ತು. ಮೊದಲನೆಯವನಾಗಿ ಬರುತ್ತಿದ್ದವನು ಮೂರನೆಯವನಾದ. ಸುಸ್ತು ಅಂದ. ರಕ್ತ ಕಡಿಮೆಯಾಗಿದೆ ಎಂದು ನನಗೂ ಅನ್ನಿಸಿತು, ಆದರೆ ಎಲ್ಲಿ ಹೋಗುತ್ತಿದೆ ಎಂದು ಕೇಳಿಕೊಳ್ಳಲಿಲ್ಲ. ಕೆಂಪು ಸಕ್ಕರೆ ಲೇಪದ ಕಬ್ಬಿಣದ ಮಾತ್ರೆ ಒಂದು ತಿಂಗಳಿಗಾಗುವಷ್ಟು ಎಣಿಸಿ ಪೊಟ್ಟಣ ಕಟ್ಟಿ ಕೊಟ್ಟೆ.

"ಇದು ರಕ್ತಕ್ಕೆ. ದಿನಕ್ಕೆ ಎರಡು. ತಪ್ಪಿಸ್ಬೇಡ."

"ಶಕ್ತಿ ಮಾತ್ರೇನಾ ಸಾರ್?"

"ಹೂಂ ಕಣೋ, ಶಕ್ತಿ ಮಾತ್ರೆ."

ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಒಂದು ವಾರ ಕಳೆದು ಡಿಸ್ಪೆನ್ಸರಿಯ ಹಿಂದಿನ ಕೋಣೆಗೆ ಬಂದು, ಯಾರೂ ಇಲ್ಲದ್ದು ನೋಡಿ, ನಾಚಿಕೊಂಡು ನಿಂತ. "ಸಾರ್, ಒಂದ್ ಮಾತು. ಹೊರಕಡೆಗೆ ಹೋದ್ರೆ ಕಪ್ಪಗೆ ಆಯ್ತಾ ಐತೆ. ರೋಡಿಗಾಕೋ ಟಾರ್ ಇದ್ದಂಗೆ. ಅಂಟಂಟು."

ನಾನು ಜೋರಾಗಿ ನಕ್ಕುಬಿಟ್ಟೆ. "ಅದಕ್ಯಾಕೋ ಹೆದರ್ಕೋತೀಯ? ಕಬ್ಬಿಣದ ಮಾತ್ರೆ ತಿಂದ್ರೆ ಎಲ್ರಿಗೂ ಹಂಗೇ. ಔಷಧಿ ಮೈಗೆ ಹತ್ತಿದೆ ಅಂತ ಅರ್ಥ."

ಅವನ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಏನೋ ಹೇಳಹೊರಟವನು ಹೇಳಲಿಲ್ಲ. "ಸರಿ ಸಾರ್" ಎಂದು ಹೋದ. ಆ ಕ್ಷಣವನ್ನು ನಾನು ಎಷ್ಟು ಸಲ ಹಿಂದಕ್ಕೆಳೆದು ನೋಡಿದ್ದೇನೋ ಲೆಕ್ಕವಿಲ್ಲ. "ಯಾಕೋ?" ಎಂದು ಒಂದೇ ಮಾತು ಕೇಳಿದ್ದರೆ ಸಾಕಿತ್ತು.

ಡಾಕ್ಟರಿಗೆ ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಹೇಳಿದೆ. ಶುಕ್ರವಾರ, ಅರವತ್ತು ಜನರ ಸಾಲಿನ ನಡುವೆ, "ಓಟದ ಹುಡುಗರಿಗೆ ಸ್ವಲ್ಪ ಗ್ಯಾಸ್ ಸಾರ್" ಎಂದೆ. ಅವರು ತಲೆ ಅಲ್ಲಾಡಿಸಿದರು. ನಮ್ಮಲ್ಲೊಂದು ಪದ್ಧತಿಯಿತ್ತು. ರಜೆಯ ಚೀಟಿ, ದೇಹದಾರ್ಢ್ಯದ ಸರ್ಟಿಫಿಕೇಟ್ ಇತ್ಯಾದಿಗಳ ಖಾಲಿ ಫಾರಂಗಳಿಗೆ ಅವರು ಮುಂಚೆಯೇ ರುಜು ಹಾಕಿ ನನ್ನ ಡ್ರಾಯರಿನಲ್ಲಿ ಇಟ್ಟು ಹೋಗುತ್ತಿದ್ದರು, ಬೇಕಾದಾಗ ನಾನು ತುಂಬುತ್ತಿದ್ದೆ. ಅದು ಅವರಿಗೂ ಅನುಕೂಲ, ನನಗೆ ಹೆಮ್ಮೆ. ಓಟದ ಹಿಂದಿನ ಗುರುವಾರ ಆರು ಫಾರಂ ತೆಗೆದು ಆರರಲ್ಲೂ ಓಡಲು ಯೋಗ್ಯ ಎಂದು ತುಂಬಿ ಆಫೀಸಿಗೆ ಕಳಿಸಿದೆ.

ಅದೇ ಗುರುವಾರ ಬೆಳಿಗ್ಗೆ ಕೊನೆಯ ದೊಡ್ಡ ಓಟ ಆಗಿತ್ತು. ಓಟಕ್ಕೆ ಮುಂಚೆಯೇ ಅವನ ನಾಡಿ ತೊಂಬತ್ತೆರಡು. ನಾನು ತಪ್ಪೆಣಿಸಿದೆನೆಂದು ಇನ್ನೊಮ್ಮೆ ಎಣಿಸಿದೆ, ತೊಂಬತ್ತನಾಲ್ಕು ಬಂತು. ಆದರೂ ಓಡಿಸಿದೆ. ಹುಣಿಸೆಮರದ ಹತ್ತಿರ ಅವನು ನಿಂತುಬಿಟ್ಟ. ಮರಕ್ಕೆ ಒರಗಿ, ಮೊಣಕಾಲು ಎದೆಗೆ ಹಚ್ಚಿ ಕುಳಿತ. ಮುಖದ ಬಣ್ಣ ಹೇಗಿತ್ತೆಂದರೆ, ಕಪ್ಪು ಮೈಬಣ್ಣದವನು ಬೂದಿ ಬಳಿದುಕೊಂಡ ಹಾಗೆ ಕಾಣುತ್ತಿದ್ದ. ಅರ್ಧ ಗಂಟೆಯಾದರೂ ನಾಡಿ ಇಳಿಯಲಿಲ್ಲ. ಯಾವಾಗಲೂ ರೇಗಿಸಿಕೊಂಡು ನಗುತ್ತಿದ್ದ ಉಳಿದವರು ಟವಲಿನಿಂದ ಗಾಳಿ ಬೀಸುತ್ತ ಸುತ್ತ ನಿಂತಿದ್ದರು. ನನಗೆ ಮೊದಲ ಸಲ ಭಯವಾಯಿತು. ಭಯವಾದರೂ ವಾಪಸ್ ಬಂದು ಫಾರಂ ತುಂಬಿದೆ. ಇದಕ್ಕೆ ಸಮಜಾಯಿಷಿ ಇಲ್ಲ. ಅವನ ಹೆಸರು ಬಿಟ್ಟರೆ ಅವನ ಕೆಲಸ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ನನ್ನ ಕೈಗುಣಕ್ಕೆ ಮಸಿ ಹತ್ತುತ್ತದೆ ಎಂಬುದೂ ಅಷ್ಟೇ ನಿಜ, ಅದನ್ನು ಹೇಳಿಕೊಳ್ಳಲಿಲ್ಲ.

ಶುಕ್ರವಾರ ಅವನು ಕೆಲಸಕ್ಕೆ ಬರಲಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸದವನು. ಆಫೀಸರು ಡಿಸ್ಪೆನ್ಸರಿಯ ಬಾಗಿಲಿಗೇ ಬಂದರು. "ಏನ್ರೀ, ನಮ್ಮ ಕುದುರೆ ಎಲ್ರೀ? ಭಾನುವಾರ ಬೆಳಿಗ್ಗೆ ಅವನು ಲೈನಲ್ಲಿ ನಿಂತಿರ್ಬೇಕು. ಮೇಲಿನವರಿಗೆ ಹೇಳಿಬಿಟ್ಟಿದೀನಿ."

"ವಿಶ್ರಾಂತಿ ತಗೋತಿದಾನೆ ಸಾರ್" ಎಂದೆ.

ಅಂದು ಡಾಕ್ಟರು ಬರುವ ದಿನ. ಮೈಸೂರಿನಲ್ಲಿ ಮದುವೆ, ಮಂಗಳವಾರವೇ ಬರುವುದು ಎಂದು ಚೀಟಿ ಬಂತು.

ಶನಿವಾರ ಅರ್ಧ ದಿನ. ಮಧ್ಯಾಹ್ನ ಸೈಕಲ್ ಏರಿ ಹೇರೋಹಳ್ಳಿಗೆ ಹೋದೆ. ಊರೊಳಗೆ ದಾರಿ ಕೇಳಿಕೊಂಡು ಅವನ ಮನೆ ಹುಡುಕಿದೆ. ಹೆಂಚಿನ ಸಣ್ಣ ಮನೆ. ಜಗಲಿಯ ಮೇಲೆ ಗೋಡೆಗೆ ಒರಗಿ ಅವನು ಕುಳಿತಿದ್ದ, ಬಿಸಿಲಲ್ಲೂ ಕಂಬಳಿ ಹೊದ್ದು. ನನ್ನನ್ನು ಕಂಡು ಏಳಲು ಹೋಗಿ, ಗೋಡೆ ಹಿಡಿದು, ಮತ್ತೆ ಕುಳಿತ. ಒಳಗೆ ಮಗುವಿನ ಅಳು ಕೇಳಿಸಿತು. ಅವನ ತಂಗಿ ಬಾಣಂತಿ, ಮೊದಲ ಹೆರಿಗೆ. ತಂದೆ ತಾಯಿ ಇಲ್ಲದ ಮನೆ, ಆದರೂ ತವರು ತವರೇ ಎಂದು ಅಣ್ಣನೇ ಕರೆತಂದು ಬಾಣಂತನ ಮಾಡಿಸುತ್ತಿದ್ದ. ನನಗೆ ಇದು ಯಾವುದೂ ಗೊತ್ತಿರಲಿಲ್ಲ.

ಅಜ್ಜಿ ಹೊರಗೆ ಬಂದು ಚಾಪೆ ಹಾಸಿದಳು. ಕೈ ಮುಗಿದಳು.

"ನೀವೇನಾ ಸ್ವಾಮಿ ಔಷ್ದಿ ಕೊಡೋರು? ನಿಮ್ ಕೈ ಒಳ್ಳೇ ಕೈ ಸ್ವಾಮಿ. ನಮ್ ಮಗೀಗೆ ಹೆರಿಗೇಲಿ ರಕ್ತ ಎಲ್ಲಾ ಹೋಗಿ ಬಿಳಿಚ್ಕೊಂಡಿದ್ಲು. ನೀವ್ ಕೊಟ್ಟ ಆ ಕೆಂಪು ಗುಳಿಗೆ ತಗಂಡ್ಮೇಲೆ ಈಗ ಎದ್ದು ಓಡಾಡ್ತಾವ್ಳೆ."

"ಯಾವ ಗುಳಿಗೆ ಅಜ್ಜಿ?"

"ಅದೇ, ಶಕ್ತಿ ಗುಳಿಗೆ. ಇವ್ನು ತಂದು ಪೊಟ್ಟಣಾನೇ ಅವ್ಳ ಕೈಗೆ ಕೊಟ್ಟ. ಬಾಣಂತಿ ತಗಂಡ್ರೆ ಹಾಲೂ ಬತ್ತದೆ ಅಂತ. ದಿನಕ್ಕೆ ಎಲ್ಡು, ತಪ್ಸಿಲ್ಲ."

ನಾನು ಅವನ ಕಡೆ ತಿರುಗಿದೆ. "ನೀನು?"

ಅವನು ತಲೆ ತಗ್ಗಿಸಿದ. "ತೆಪ್ಪಾಯ್ತು ಸಾರ್. ನಾನ್ ಒಂದೂ ತಗಂಡಿಲ್ಲ. ಕೇಳಿದ್ರೆ ಬಯ್ತೀರಾ ಅಂತ ಏಳ್ಲಿಲ್ಲ. ತಾಯಿ ಇದ್ದಿದ್ರೆ ಏನಾರ ಮಾಡಿ ಆಕೋಳು. ನಂತಾವ ಇದ್ದಿದ್ದು ಅದೇಯ."

ಒಂದೂ ತೆಗೆದುಕೊಂಡಿಲ್ಲ. ಒಂದು ಕಬ್ಬಿಣದ ಮಾತ್ರೆಯೂ ಅವನ ಹೊಟ್ಟೆಗೆ ಹೋಗಿಲ್ಲ. ಹಾಗಾದರೆ ಟಾರಿನಂಥ ಆ ಕಪ್ಪು ಎಲ್ಲಿಂದ ಬಂತು?

ಎರಡು ತಿಂಗಳ ಪುಸ್ತಕ ಕಣ್ಣ ಮುಂದೆ ಬಂತು: ಐವತ್ನಾಲ್ಕು, ಅರವತ್ತೆಂಟು, ಎಪ್ಪತ್ತಾರು, ತೊಂಬತ್ತೆರಡು. ಹತ್ತಿರ ಸರಿದು ಅವನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪು ಇರಬೇಕಾದ ಜಾಗ ಕಾಗದದಷ್ಟು ಬಿಳಿ. ಉಗುರು ಒತ್ತಿ ಬಿಟ್ಟೆ, ಬಣ್ಣ ಮರಳಿ ಬರಲೇ ಇಲ್ಲ ಅನ್ನುವಷ್ಟು ಹೊತ್ತಾಯಿತು. ಸುಮ್ಮನೆ ಕುಳಿತವನ ನಾಡಿ ನೂರಾ ಹದಿನೆಂಟು, ದಾರದಷ್ಟು ಸಣ್ಣ.

"ಎ.ಪಿ.ಸಿ.? ಅದನ್ನೂ ಕೊಟ್ಬಿಟ್ಟಾ?"

"ಇಲ್ಲ ಸಾರ್, ಅದು ನಾನೇ ತಗಂಡೆ. ಕಾಲ್ನೋವು ಇದ್ರೆ ಓಡಕ್ಕಾಗಲ್ವಲ್ಲ. ಈಗ್ಲೂ ಎಲ್ಡು ತಗಂಡೆ, ನಾಳೀಕೆ ಸರಿಯಾಗ್ಲಿ ಅಂತ."

ನನ್ನ ಮುಂದೆ ಎರಡು ದಾರಿ ಇದ್ದವು. ಕಾರ್ಖಾನೆಗೆ ಹೋಗಿ ಆಫೀಸರಿಗೆ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆದು, ಕಾರ್ಖಾನೆಯ ವ್ಯಾನಿನಲ್ಲಿ ಕರೆದೊಯ್ಯುವುದು ಕ್ರಮ. ಆಫೀಸರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಡಾಕ್ಟರೇ ಯೋಗ್ಯ ಎಂದು ಬರೆದಿದ್ದಾರಲ್ರೀ, ನೀವ್ಯಾರು ಬೇಡ ಅನ್ನೋಕೆ? ಆ ಬರಹ ನನ್ನದೇ ಎಂದು ಹೇಳಿ, ವಾದ ಮಾಡಿ ಮುಗಿಸುವಷ್ಟರಲ್ಲಿ ಸಂಜೆಯಾಗುತ್ತದೆ. ನಾನು ಎದ್ದೆ.

"ನಡಿ, ಆಸ್ಪತ್ರೆಗೆ."

"ನಾಳೆ ಓಟ ಮುಗಿಸ್ಕೊಂಡು ಓಗವಾ ಸಾರ್. ಒಂದೇ ಒಂದ್ ಓಟ. ನಿಮ್ ಕಾಲಿಗ್ ಬೀಳ್ತೀನಿ."

"ನಾಳೆ ಓಡಿದ್ರೆ ಸತ್ತೋಗ್ತೀಯ."

ಇಷ್ಟು ನೇರವಾಗಿ ಹೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿಂದ ಬಂದುಬಿಟ್ಟಿತು. ಅಜ್ಜಿ ಬಾಗಿಲಲ್ಲಿ ಕುಸಿದು ಕುಳಿತಳು. ಅವನು ಮಾತ್ರ, ಹೇಳಿದ್ದನ್ನು ಮಾಡುವವನು, ಕಂಬಳಿ ತೆಗೆದಿಟ್ಟು ಎದ್ದ.

ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಮಾಗಡಿ ರಸ್ತೆಗೆ ತಂದೆ. ಬಸ್ಸಿಗೆ ಕಾಯುತ್ತಿರುವಾಗ ಅವನು ರಸ್ತೆಯಂಚಿಗೆ ಬಗ್ಗಿದ. ವಾಂತಿಯಾಯಿತು. ಬಂದದ್ದು ಅನ್ನವಲ್ಲ, ಕಾಫಿ ಚರಟದಂಥ ಕಪ್ಪು ಪುಡಿ. ಅದು ಹೊಟ್ಟೆಯ ಆಮ್ಲದಲ್ಲಿ ಬೆಂದ ರಕ್ತ. ನಾನು ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಸೈಕಲ್ಲನ್ನು ಬೇಲಿಗೆ ಒರಗಿಸಿ ಬಿಟ್ಟು, ಜಲ್ಲಿ ತುಂಬಿಕೊಂಡು ಬರುತ್ತಿದ್ದ ಲಾರಿಗೆ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಾಕಿದೆ. ಡ್ರೈವರ್ ಬಯ್ಯಲು ಬಾಯಿ ತೆರೆದವನು, ಹುಡುಗನ ಮುಖ ನೋಡಿ ಬಾಗಿಲು ತೆಗೆದ. ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಟೋಲ್ ಗೇಟ್. ಎರಡು ತಿಂಗಳು ಅವನು ಓಡಿದ ದಾರಿಯಲ್ಲೇ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಬಂದ. ನಾನು ದಾರಿಯುದ್ದಕ್ಕೂ ಮಣಿಕಟ್ಟು ಹಿಡಿದುಕೊಂಡೇ ಇದ್ದೆ. ಎಣಿಸಲು ಧೈರ್ಯ ಬರಲಿಲ್ಲ, ಇದೆಯೋ ಇಲ್ಲವೋ ಅಷ್ಟೇ ನೋಡಿಕೊಳ್ಳುತ್ತಿದ್ದೆ.

ಸರ್ಕಾರಿ ದೊಡ್ಡಾಸ್ಪತ್ರೆಯ ಡ್ಯೂಟಿ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ನರ್ಸಿಗೆ ರಕ್ತದ ಗುಂಪು ನೋಡಲು ಹೇಳಿದರು. ಮೂಗಿನಿಂದ ನಳಿಗೆ ಇಳಿಸುತ್ತಲೇ ಅವನನ್ನು ಕೇಳಿದರು.

"ಕುಡಿತೀಯೇನಪ್ಪಾ?"

"ಇಲ್ಲ ಮೇಡಂ."

"ಏನಾದ್ರೂ ಮಾತ್ರೆ ತಗೋತಿದ್ಯಾ? ನೋವಿಗೆ, ಜ್ವರಕ್ಕೆ?"

ಅವನು ನನ್ನನ್ನು ನೋಡಿದ. ನಾನು ಮಂಚದ ಕಾಲ ಕಡೆ ನಿಂತಿದ್ದೆ. "ಇಲ್ಲ ಮೇಡಂ. ಏನೂ ತಗಂಡಿಲ್ಲ."

ಡಾಕ್ಟರು ಹಣೆ ಒರೆಸಿಕೊಂಡು ನರ್ಸಿಗೆ ಹೇಳಿದರು, "ಹಾಗಾದ್ರೆ ಹುಣ್ಣು ಹಳೇದು ಅನ್ಸುತ್ತೆ, ಒಳಗೆ ತೂತಾಗ್ತಿರಬಹುದು. ಸರ್ಜನ್‌ಗೆ ಫೋನ್ ಮಾಡಿ. ಹೊಟ್ಟೆ ತೆರೆದು ನೋಡ್ಬೇಕಾಗುತ್ತೆ."

ಮೈಯಲ್ಲಿ ರಕ್ತವೇ ಇಲ್ಲದವನ ಹೊಟ್ಟೆ ಕೊಯ್ಯುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ಆದರೂ ನಾನು ಮಾತಾಡಲಿಲ್ಲ. ನರ್ಸು ಬಾಗಿಲು ದಾಟಿ ಹೋದಳು, ಅವಳ ಚಪ್ಪಲಿಯ ಸದ್ದು ವರಾಂಡದಲ್ಲಿ ದೂರವಾಗುತ್ತಿತ್ತು. ನಾನು ನನ್ನ ನೌಕರಿ, ಡಾಕ್ಟರ ರುಜು, ಬಾಡಿಗೆ ಮನೆಯಲ್ಲಿದ್ದ ಹೆಂಡತಿ ಮತ್ತು ಎರಡು ಮಕ್ಕಳನ್ನು ನೆನೆದೆ. ಇದನ್ನೆಲ್ಲ ನೆನೆಯುವಷ್ಟು ಹೊತ್ತು ಸುಮ್ಮನಿದ್ದೆ ಎಂಬುದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದೆನೇನೋ.

"ಮೇಡಂ" ಎಂದೆ. "ಒಂದೂವರೆ ತಿಂಗಳಿಂದ ಆಸ್ಪಿರಿನ್. ದಿನಕ್ಕೆ ನಾಲ್ಕು ಎ.ಪಿ.ಸಿ. ಖಾಲಿ ಹೊಟ್ಟೇಲಿ. ನಾನು ಕಾಂಪೌಂಡರ್. ನಾನೇ ಕೊಟ್ಟಿದ್ದು."

ಅವರು ನನ್ನನ್ನು ಬಯ್ಯಲಿಲ್ಲ. ಒಂದು ಸಲ ನೋಡಿ, ವರಾಂಡಕ್ಕೆ ಓಡಿ ನರ್ಸನ್ನು ವಾಪಸ್ ಕರೆದರು. ಆಸ್ಪಿರಿನ್ನಿನಿಂದ ಆದದ್ದಾದರೆ ಮಾತ್ರೆ ನಿಲ್ಲಿಸಿದರೆ ರಕ್ತ ತಾನಾಗಿ ನಿಲ್ಲಬಹುದು, ಈಗಲೇ ಕೊಯ್ಯುವುದು ಬೇಡ, ತಣ್ಣನೆಯ ನೀರಲ್ಲಿ ಹೊಟ್ಟೆ ತೊಳೆದು, ರಕ್ತ ಏರಿಸಿ ನೋಡೋಣ ಎಂದರು. ಎರಡು ಸೀಸೆ ರಕ್ತ ಬೇಕಾಯಿತು. ಒಂದನ್ನು ಆಸ್ಪತ್ರೆ ಕೊಟ್ಟಿತು, ಇನ್ನೊಂದು ನನ್ನದೇ ಹೊಂದಿತು.

ಸೋಮವಾರ ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಫೀಸರ ಮೇಜಿನ ಮೇಲೆ ಎಲ್ಲವನ್ನೂ ಬರೆದು ಇಟ್ಟೆ. ರುಜು ಹಾಕಿದ ಖಾಲಿ ಫಾರಂಗಳ ವಿಷಯವನ್ನೂ. ಡಾಕ್ಟರು ಮತ್ತೆ ಬರಲಿಲ್ಲ. ನನ್ನನ್ನು ಡಿಸ್ಪೆನ್ಸರಿಯಿಂದ ಸ್ಟೋರ್ಸಿಗೆ ಹಾಕಿದರು. ಅಲ್ಲಿ ನಟ್ಟು ಬೋಲ್ಟು ಕೊಟ್ಟುಕೊಂಡು ನಿವೃತ್ತಿಯವರೆಗೆ ಇದ್ದೆ. ನಟ್ಟು ಬೋಲ್ಟನ್ನು ಯಾರೂ ನುಂಗುವುದಿಲ್ಲ. ತಿಂಗಳ ಕೊನೆಗೆ ಅವನ ಟೆಂಪರರಿ ಅವಧಿ ಮುಗಿಯಿತು. ನಾನು ಎರಡು ಸಲ ಹೋಗಿ ಕೇಳಿಕೊಂಡರೂ ಆಫೀಸರು ಮುಂದುವರಿಸಲಿಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಅದಲ್ಲ, ಭಾನುವಾರ ಬೆಳಗಿನ ಮಾತು. ಓಟ ಶುರುವಾಗಿ ಅರ್ಧ ಗಂಟೆಯಾಗಿದ್ದ ಹೊತ್ತು. ನಾನು ವಾರ್ಡಿನಲ್ಲಿ ಅವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದೆ. ಮೂಗಿನ ನಳಿಗೆಯಲ್ಲಿ ನೀರು ತಿಳಿಯಾಗಿ ಬರುತ್ತಿತ್ತು. ನಾಡಿ ತೊಂಬತ್ತಕ್ಕೆ ಇಳಿದಿತ್ತು. ಅವನು ಕಣ್ಣು ಬಿಟ್ಟ. ಕೆಲಸ ಹೋಯಿತು ಎಂದು ಅವನಿಗೂ ಗೊತ್ತಿತ್ತು, ಅದರ ಮಾತೆತ್ತಲಿಲ್ಲ.

"ಸಾರ್, ನಿನ್ನೆ ಯಾಕ್ ಏಳಿದ್ರಿ? ನಿಮ್ ಕೆಲ್ಸಕ್ಕೆ ತೊಂದ್ರೆ ಆಯ್ತದಲ್ವಾ?"

"ಮತ್ತೆ ನೀನ್ ಯಾಕೋ ಸುಳ್ಳು ಹೇಳ್ದೆ?"

ಅವನು ಇದೇನು ಪ್ರಶ್ನೆ ಎಂಬಂತೆ ನನ್ನನ್ನು ನೋಡಿದ. ಒಣಗಿದ ತುಟಿಯಲ್ಲಿ ಸ್ವಲ್ಪ ನಕ್ಕ.

"ನಮ್ಗೆ ಒಳ್ಳೇದ್ ಮಾಡಿರೋರು ನೀವು. ನಿಮ್ ಎಸ್ರು ಏಳ್ತೀನಾ ಸಾರ್? ಸತ್ರೂ ಏಳ್ತಿರ್ಲಿಲ್ಲ."

ಅದು ಬರೀ ಬಾಯಿಮಾತಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ದಿನ ಇದೇ ಮಂಚದ ಕಾಲ ಕಡೆ ನಿಂತು ನಾನು ಅದನ್ನು ಕಣ್ಣಾರೆ ನೋಡಿದ್ದೆ.